ತುಡುವೆ ಜೇನಿನ ಆರಂಭಿಕ ಕಿಟ್: ದುಡ್ಡು ಕೊಡುವ ಮುನ್ನ ಅಳತೆಪಟ್ಟಿ ಹಿಡಿಯಿರಿ

ಬೆಂಗಳೂರಿನಲ್ಲಿ ‘ಬಿಗಿನರ್ ಕಿಟ್’ ಅಂತ ಮಾರುವ ಜೇನು ಸಾಕಣೆಯ ಸಾಮಾನಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಎಂಟು ಫ್ರೇಮಿನ (ಜೇನಿನ ಎರಿ ಕಟ್ಟಿಸುವ ಮರದ ಚೌಕಟ್ಟಿನ) ಒಂದು ಮರದ ಪೆಟ್ಟಿಗೆ, ಕಬ್ಬಿಣದ ಸ್ಟ್ಯಾಂಡು, ಮುಖಪರದೆ, ಕೈಗವಸು, ಹೊಗೆತಿದಿ, ಫ್ರೇಮು ಎಬ್ಬಿಸುವ ಹೈವ್ ಟೂಲ್, ಬ್ರಷ್ಷು, ಸಕ್ಕರೆ ಪಾಕ ಇಡುವ ಡಬ್ಬಿ, ರಾಣಿ ಗೇಟು. ಇನ್ನೂ ದೊಡ್ಡ ಕಿಟ್ ಆದರೆ ಎರಿಗೆ ಬುನಾದಿಯಾಗುವ ಮೇಣದ ಹಾಳೆ, ಎರಿ ತಿರುಗಿಸಿ ಜೇನು ತೆಗೆಯುವ ಯಂತ್ರ ಸೇರುತ್ತವೆ. ಜೇನು ಕುಟುಂಬವನ್ನು ಕೆಲವರು ಜೊತೆಗೇ ಕೊಡುತ್ತಾರೆ, ಕೆಲವರು ಅದಕ್ಕೆ ಬೇರೆ ಲೆಕ್ಕ ಹಾಕುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೆಟ್ಟಿಗೆ ಸರಿಯಾಗಿದ್ದರೆ ಕಿಟ್ ಕೊಳ್ಳಬಹುದು, ಪೆಟ್ಟಿಗೆ ತಪ್ಪಿದ್ದರೆ ಉಳಿದದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ಮುಖಪರದೆ, ಹೊಗೆತಿದಿ, ಪಾಕದ ಡಬ್ಬಿ ಉಪಯೋಗಕ್ಕೆ ಬರುತ್ತವೆ. ಸ್ಟ್ಯಾಂಡನ್ನು ತಿದ್ದಿಕೊಳ್ಳಬೇಕು. ದಪ್ಪ ಚರ್ಮದ ಕೈಗವಸು, ನುಸಿಯ ಔಷಧದ ಪಟ್ಟಿ, ಜೇನು ಯಂತ್ರ ಇವಕ್ಕೆ ಮೊದಲ ವರ್ಷ ಒಂದು ರೂಪಾಯಿಯನ್ನೂ ಹಾಕಬೇಡಿ. ಇದರಲ್ಲಿ ಬಹುಪಾಲು ಸಾಮಾನು ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಲೆಕ್ಕದಲ್ಲಿ ತಯಾರಾದದ್ದು. ನಮ್ಮ ಹಿತ್ತಲಿಗೆ ಹೊಂದುವುದು ತುಡುವೆ ಜೇನು. ಅದರ ಮೈಯಳತೆ ಬೇರೆ, ನಡತೆಯೂ ಬೇರೆ.

ಅಪಾರ್ಟ್‌ಮೆಂಟುಗಳ ಸಜ್ಜೆಗೆ, ನೀರಿನ ಟ್ಯಾಂಕಿಗೆ ದೊಡ್ಡ ರೊಟ್ಟಿಯಂತೆ ಒಂದೇ ಎರಿ ಕಟ್ಟಿ ಜೋತುಬೀಳುವುದು ಹೆಜ್ಜೇನು. ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಬೇಲಿಯ ಗಿಡದ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನೂ ಪೆಟ್ಟಿಗೆಗೆ ಒಗ್ಗದು. ಮರದ ಪೊಟರೆ, ಗೋಡೆಯ ಸಂದು, ಖಾಲಿ ಮೀಟರ್ ಬೋರ್ಡು ಹೀಗೆ ಕತ್ತಲಿರುವ ಕಡೆ ಒಂದರ ಪಕ್ಕ ಒಂದು ಹಲವು ಎರಿ ಕಟ್ಟುವ ತುಡುವೆಯೇ ಪೆಟ್ಟಿಗೆಯ ಜೇನು. ಮೆಲ್ಲಿಫೆರಾಕ್ಕೆ ದೊಡ್ಡ ಪೆಟ್ಟಿಗೆ, ಹೇರಳ ಹೂವು, ಹೂ ಮುಗಿದಾಗ ಬೇರೆ ಊರಿಗೆ ಸಾಗಿಸುವ ವ್ಯವಸ್ಥೆ ಎಲ್ಲ ಬೇಕು. 30×40 ಸೈಟಿನ ಮನೆಯವರು ಅದರ ಗೊಡವೆಗೆ ಹೋಗದಿರುವುದೇ ಲೇಸು. ಚುಚ್ಚುವ ಭಯ ತೀರಾ ಇದ್ದವರಿಗೆ ಮುಜಂಟಿ ಅಥವಾ ಮಿಸ್ರಿ ಎನ್ನುವ, ಕೊಂಡಿಯಿಲ್ಲದ ಪುಟ್ಟ ಜೇನು ಇದೆ. ಅದರ ಪೆಟ್ಟಿಗೆಯೂ ಸಾಕುವ ಕ್ರಮವೂ ಬೇರೆಯಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಈಗ ಪೆಟ್ಟಿಗೆಗೆ ಬರೋಣ. ನಮ್ಮ ಕಡೆ ತುಡುವೆಗೆ ಎರಡು ಮಾದರಿ ಚಾಲ್ತಿಯಲ್ಲಿವೆ. ಒಂದು, ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ರೂಪಿಸಿದ ಸಣ್ಣ ನ್ಯೂಟನ್ ಪೆಟ್ಟಿಗೆ. ಇನ್ನೊಂದು ಐಎಸ್ 1515 ಎಂಬ ಭಾರತೀಯ ಮಾನಕದಲ್ಲಿ ಬರುವ ‘ಎ’ ಮಾದರಿ, ಅಂದರೆ ಮಾರುವವರ ಬಾಯಲ್ಲಿ ‘ಐಎಸ್‌ಐ ಎ ಟೈಪ್’. ಇದರ ಸಂಸಾರ ಕೋಣೆಯ, ಅಂದರೆ ಜೇನು ಕೋಣೆಯ ಕೆಳಗೆ ಮರಿ ಬೆಳೆಯುವ ಕೋಣೆಯ, ಫ್ರೇಮಿನ ಒಳ ಅಳತೆ 210 × 145 ಮಿ.ಮೀ., ಹೊರ ಅಳತೆ 230 × 165 ಮಿ.ಮೀ. ನ್ಯೂಟನ್ ಫ್ರೇಮು ಇದಕ್ಕಿಂತ ಒಂಚೂರು ಚಿಕ್ಕದು. ನೋಡಲು ಎರಡೂ ಒಂದೇ ಥರ ಕಂಡರೂ ಒಂದರ ಫ್ರೇಮು ಇನ್ನೊಂದರಲ್ಲಿ ಸರಿಯಾಗಿ ಕೂರುವುದಿಲ್ಲ. ಪೆಟ್ಟಿಗೆ ಒಬ್ಬರಿಂದ, ಕುಟುಂಬ ಇನ್ನೊಬ್ಬರಿಂದ ಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಕುಟುಂಬ ಕೊಡುವವರನ್ನು ‘ನಿಮ್ಮ ಫ್ರೇಮು ಯಾವ ಅಳತೆಯದು’ ಎಂದು ಕೇಳಿ, ಆಮೇಲೆ ಪೆಟ್ಟಿಗೆ ಆರಿಸಿ. ಹೊಸಬರಿಗೆ ನಮ್ಮ ಆಯ್ಕೆ ‘ಎ’ ಮಾದರಿಯೇ. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಮುಂದೆ ಎರಡನೇ ಪೆಟ್ಟಿಗೆ ಇಟ್ಟಾಗ ಫ್ರೇಮು ಅದಲುಬದಲು ಮಾಡಿಕೊಳ್ಳಬಹುದು.

ಅಂಗಡಿಯಲ್ಲೇ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಸ್ಟೀಲಿನ ಅಳತೆಪಟ್ಟಿ ಹಿಡಿಯಿರಿ. ಫ್ರೇಮಿನ ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಒಳಗೋಡೆಗೂ ನಡುವೆ 7ರಿಂದ 9 ಮಿ.ಮೀ. ಸಂದು ಇರಬೇಕು. ಇದು ನೊಣ ಓಡಾಡುವ ದಾರಿ. ಇದಕ್ಕಿಂತ ಕಿರಿದಾದರೆ ನೊಣ ಅಲ್ಲಿ ತೂರಲಾಗದೆ ಮೂಲೆಯಲ್ಲಿ ಎರಿ ತಿನ್ನುವ ಮೇಣದ ಹುಳು, ಅಂದರೆ ಮೇಣದ ಪತಂಗದ ಮರಿ, ಮನೆ ಮಾಡುತ್ತದೆ. 10 ದಾಟಿದರೆ ಆ ಖಾಲಿ ಜಾಗಕ್ಕೂ ಎರಿ ಕಟ್ಟಿ ಫ್ರೇಮನ್ನು ಗೋಡೆಗೆ ಅಂಟಿಸಿಬಿಡುತ್ತವೆ. ಆಮೇಲೆ ಫ್ರೇಮು ಎತ್ತಿದಾಗಲೆಲ್ಲ ಎರಿ ಹರಿಯುತ್ತದೆ, ಜೇನು ಸುರಿಯುತ್ತದೆ, ಇರುವೆ ಬರುತ್ತದೆ, ಕೊನೆಗೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಎರಡನೇ ಅಳತೆ: ಎಲ್ಲ ಫ್ರೇಮು ಒತ್ತಾಗಿ ಜೋಡಿಸಿ, ಒಂದರ ಮೇಲ್ಪಟ್ಟಿಯ ನಡುವಿನಿಂದ ಪಕ್ಕದ್ದರ ನಡುವಿಗೆ 30ರಿಂದ 32 ಮಿ.ಮೀ. ಬರಬೇಕು. 35 ಬಂದರೆ ಅದು ಮೆಲ್ಲಿಫೆರಾ ಅಂತರ. ಅಷ್ಟು ಅಂತರ ಕೊಟ್ಟರೆ ತುಡುವೆ ಎರಡು ಫ್ರೇಮಿನ ನಡುವೆ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಮೂರನೆಯದು ಚೌಕ ನೋಡುವುದು. ಸಂಸಾರ ಕೋಣೆಯ ಎದುರುಬದುರು ಮೂಲೆಗಳ ಕರ್ಣ ಅಳೆಯಿರಿ. ಎರಡು ಕರ್ಣಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಪೆಟ್ಟಿಗೆ ಬೇಡ ಅನ್ನಿ, ಇನ್ನೊಂದು ತೆಗೆಸಿ.

ಜೋಡಣೆಯ ವಿಷಯದಲ್ಲಿ ನಾವು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಮೆಲ್ಲಿಫೆರಾ ನೊಣಗಳು ಮರದ ಅಂಟು ತಂದು ಪೆಟ್ಟಿಗೆಯ ಬಿರುಕುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ತುಡುವೆ ಅಂಟು ತರುವುದಿಲ್ಲ. ಬಡಗಿ ಬಿಟ್ಟ ಸಂದು ಹಾಗೇ ಉಳಿಯುತ್ತದೆ, ಆ ಸಂದಿನಲ್ಲೇ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಮೂಲೆಯಲ್ಲಿ, ಕೋಣೆ ಕೋಣೆ ಕೂಡುವಲ್ಲಿ ಬೆಳಕಿನ ಗೆರೆ ಕಾಣಬಾರದು. ಹಲ್ಲುಜೋಡಣೆಯ ಮೂಲೆ ಒಳ್ಳೆಯದು. ಬರೀ ಮೊಳೆ ಹೊಡೆದ ಮೂಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಯಿ ಬಿಡುತ್ತದೆ. ಅಂಟಿನ ಕಾಟವಿಲ್ಲದಿರುವುದರಿಂದ ಒಂದು ಲಾಭವೂ ಇದೆ: ಫ್ರೇಮುಗಳು ಪೆಟ್ಟಿಗೆಗೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಕಿಟ್ಟಿನಲ್ಲಿ ಬರುವ ಭಾರದ ಕೊಕ್ಕೆಯ ಹೈವ್ ಟೂಲ್ ಬದಲು ಮನೆಯ ಚಪ್ಪಟೆ ಸ್ಕ್ರೂಡ್ರೈವರ್ ಸಾಕು.

ಮರದ ಹಲಗೆ 20 ಮಿ.ಮೀ.ಗಿಂತ ತೆಳ್ಳಗಿರಬಾರದು. ಸಾಗವಾನಿ, ಹಲಸು ಚೆನ್ನಾಗಿ ಬಾಳುತ್ತವೆ, ಬೆಲೆಯೂ ಹಾಗೇ. ಸಿಲ್ವರ್ ಓಕ್ ಪರವಾಗಿಲ್ಲ. ಸಂಸ್ಕರಿಸದ ರಬ್ಬರ್ ಮರ ನೀರು ಕುಡಿದು ಸೊಟ್ಟಗಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಮೇಲ್ಮುಚ್ಚಳಕ್ಕೆ ಪ್ಲೈವುಡ್ ಹಾಕಿರುತ್ತಾರೆ. ಮೇಲೆ ತಗಡು ಹೊದಿಸಿ ಅಂಚು ಮಡಿಸಿದ್ದರೆ ಅದನ್ನು ಒಪ್ಪಬಹುದು. ಬಣ್ಣ ಹೊರಮೈಗೆ ಮಾತ್ರ, ತಿಳಿ ಬಣ್ಣವೇ ಇರಲಿ. ಒಳಮೈಗೆ ಬಣ್ಣ, ವಾರ್ನಿಷ್ ಬಳಿದ ಪೆಟ್ಟಿಗೆ ಬಂದರೆ ಹಿಂದಿರುಗಿಸಿ. ಹೊಸದಾಗಿ ಬಣ್ಣ ಹೊಡೆದಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗಿಟ್ಟು ನಂತರವೇ ನೊಣ ಬಿಡಿ.

ಅಡಿಮಣೆಯ ಬಾಗಿಲಿನ ಎತ್ತರ 8ರಿಂದ 10 ಮಿ.ಮೀ. ಇದ್ದರೆ ದೊಡ್ಡ ಕಣಜ ಒಳಗೆ ನುಗ್ಗಲಾರದು. ಬಾಗಿಲಿನ ಉದ್ದವನ್ನು ಕಿರಿದು ಮಾಡುವ ಮರದ ತುಂಡು ಜೊತೆಗೆ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ, ದುರ್ಬಲ ಕುಟುಂಬಕ್ಕೆ ಅದು ತೀರಾ ಬೇಕಾದದ್ದು. ಅಡಿಮಣೆ ಕಳಚುವಂತಿರಲಿ. ಸಂಸಾರ ಕೋಣೆಗೆ ಮೊಳೆ ಹೊಡೆದು ಕೂರಿಸಿದ ಅಡಿಮಣೆಯನ್ನು ಗುಡಿಸುವುದು ಹೇಗೆ? ತುಡುವೆ ಹಳೆಯ ಕಪ್ಪು ಎರಿಯನ್ನು ಕಚ್ಚಿ ಪುಡಿ ಮಾಡಿ ಕೆಳಗೆ ಉದುರಿಸುತ್ತದೆ. ಆ ಪುಡಿಯೇ ಮೇಣದ ಹುಳುವಿನ ಮೊದಲ ಊಟ. ವಾರಕ್ಕೊಮ್ಮೆ ಅಡಿಮಣೆ ಎಳೆದು ಗುಡಿಸುವ ಒಂದೇ ಕೆಲಸದಿಂದ ಅರ್ಧ ತೊಂದರೆ ತಪ್ಪುತ್ತದೆ.

ಮೇಣದ ಹಾಳೆ ಕಿಟ್ಟಿನಲ್ಲಿದ್ದರೆ ಅದರ ಅಚ್ಚು ನೋಡಿ. ಒಂದು ಸಾಲಿನಲ್ಲಿ ಹತ್ತು ಕೋಶ ಎಣಿಸಿ ಅಳೆಯಿರಿ. ತುಡುವೆಯ ಹಾಳೆಯಾದರೆ ಹತ್ತು ಕೋಶಕ್ಕೆ 5 ಸೆಂ.ಮೀ.ಗಿಂತ ಕಡಿಮೆ, ಮೆಲ್ಲಿಫೆರಾ ಹಾಳೆಯಾದರೆ ಸುಮಾರು 5.4 ಸೆಂ.ಮೀ. ಬರುತ್ತದೆ. ಮೆಲ್ಲಿಫೆರಾ ಹಾಳೆಯನ್ನು ಕತ್ತರಿಸಿ ‘ಎ’ ಫ್ರೇಮಿಗೆ ಹಾಕಿ ಮಾರುವುದುಂಟು. ಅದರ ಮೇಲೆ ತುಡುವೆ ಮನಸಿಟ್ಟು ಕಟ್ಟುವುದಿಲ್ಲ, ಕಟ್ಟಿದರೂ ಎರಿ ಸೊಟ್ಟ. ಸರಿಯಾದ ಹಾಳೆ ಸಿಗದಿದ್ದರೆ ಹಾಳೆಯೇ ಬೇಡ. ಮೇಲ್ಪಟ್ಟಿಯ ಕೆಳಗಿನ ಉದ್ದ ತೋಡಿನಲ್ಲಿ ಕರಗಿಸಿದ ಜೇನುಮೇಣದ ಒಂದು ತೆಳು ಗೆರೆ ಎಳೆದರೆ ಅದನ್ನೇ ಹಿಡಿದು ನೇರವಾಗಿ ಕಟ್ಟುತ್ತವೆ. ನಲ್ಲಿ ತಿರುಗಿಸಿದರೆ ಜೇನು ಹರಿಯುವ ಪ್ಲಾಸ್ಟಿಕ್ ಎರಿಯ ಪೆಟ್ಟಿಗೆಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳ ಕೋಶ ಮೆಲ್ಲಿಫೆರಾ ಅಳತೆಯದು, ತುಡುವೆಗೆ ಹಿಡಿಸದು. ಆ ದುಡ್ಡಿನಲ್ಲಿ ಒಳ್ಳೆಯ ಮರದ ಪೆಟ್ಟಿಗೆ ಒಂದಕ್ಕಿಂತ ಹೆಚ್ಚೇ ಬಂದೀತು.

ಸ್ಟ್ಯಾಂಡು ಕಿಟ್ಟಿನ ಅತಿ ಅಸಡ್ಡೆಯ ಭಾಗ. ಬೆಂಗಳೂರಿನ ಹಿತ್ತಲಲ್ಲಿ ತುಡುವೆಯ ಮೊದಲ ಶತ್ರು ಇರುವೆ. ನಾಲ್ಕು ಕಾಲಿನ, ಮೊಣಕಾಲೆತ್ತರದ ಸ್ಟ್ಯಾಂಡು ಇರಬೇಕು, ಪ್ರತಿ ಕಾಲಿಗೂ ಒಂದು ಬಟ್ಟಲು ಇರಬೇಕು. ಬಟ್ಟಲಿಗೆ ಬರೀ ನೀರು ಹಾಕಿದರೆ ಸೊಳ್ಳೆ ಮರಿ ಮಾಡುತ್ತದೆ. ಡೆಂಗಿಯ ಊರಿನಲ್ಲಿ ಅದು ಸಲ್ಲದು. ನೀರಿನ ಮೇಲೆ ಬಳಸಿದ ಎಂಜಿನ್ ಆಯಿಲ್ ಒಂದು ಪದರ ಬಿಡಿ, ಇಲ್ಲವೇ ಕಾಲಿನ ಸುತ್ತ ನಾಲ್ಕು ಬೆರಳಗಲ ಗ್ರೀಸ್ ಬಳಿಯಿರಿ. ಬೂದಿ, ಅರಿಶಿನ ಒಂದು ಮಳೆಗೆ ತೊಳೆದುಹೋಗುತ್ತವೆ. ಬಟ್ಟಲು ಎಷ್ಟೇ ಚೆನ್ನಾಗಿದ್ದರೂ ಗಿಡದ ಒಂದು ಎಲೆ ಪೆಟ್ಟಿಗೆಗೆ ತಾಗಿದರೆ ಇರುವೆಗೆ ಅದೇ ಸೇತುವೆ. ಸುತ್ತ ಒಂದಡಿ ಎಲ್ಲವನ್ನೂ ಸವರಿ. ಒಂಟಿ ಕಂಬದ ಸ್ಟ್ಯಾಂಡು ನೆಲದಲ್ಲಿ ಹೂಳುವುದಕ್ಕಾದರೆ ಸರಿ, ತಾರಸಿಗೆ ಬೇಡವೇ ಬೇಡ.

ತಾರಸಿಯಲ್ಲಿ ಇಡುವವರಿಗೆ ಬಿಸಿಲಿನ ಲೆಕ್ಕ ಬೇರೆ. ಸಿಮೆಂಟಿನ ಕಾವು ಕೆಳಗಿನಿಂದ ಹೊಡೆಯುತ್ತದೆ. ನೀರಿನ ಟ್ಯಾಂಕಿನ ಪೂರ್ವಕ್ಕೆ, ಅಂದರೆ ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಇಡಿ, ಅಥವಾ ಮೇಲೆ 50 ಶೇಕಡಾ ನೆರಳಿನ ಬಲೆ ಕಟ್ಟಿ. ಬಾಗಿಲು ಪೂರ್ವ ಅಥವಾ ಆಗ್ನೇಯಕ್ಕಿರಲಿ, ಬೆಳಗಿನ ಬಿಸಿಲು ಬಿದ್ದರೆ ನೊಣ ಬೇಗ ಕೆಲಸಕ್ಕೆ ಇಳಿಯುತ್ತವೆ. ಜೂನ್–ಜುಲೈನ ಗಾಳಿಗೆ ಮೇಲ್ಮುಚ್ಚಳ ಹಾರದಂತೆ ಹಗ್ಗ ಬಿಗಿದು ಮೇಲೊಂದು ಇಟ್ಟಿಗೆ ಹೇರಿ. ಒಮ್ಮೆ ಇಟ್ಟ ಪೆಟ್ಟಿಗೆಯನ್ನು ನಾಲ್ಕಾರು ಮೀಟರ್ ಆಚೆ ಸರಿಸಬಾರದು, ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ. ಸರಿಸಲೇಬೇಕಾದರೆ ದಿನಕ್ಕೆ ಒಂದಡಿಯಂತೆ ಸರಿಸಿ.

ಮುಖಪರದೆಯಲ್ಲಿ ನೋಡಬೇಕಾದದ್ದು ಎರಡೇ: ಮುಂಭಾಗದ ಬಲೆ ಕಪ್ಪಾಗಿರಬೇಕು, ಟೋಪಿಯ ಅಂಚು ಬಿರುಸಾಗಿರಬೇಕು. ಬಿಳಿ ಬಲೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಕೋಶದೊಳಗಿನ ಮೊಟ್ಟೆ ಕಾಣುವುದಿಲ್ಲ. ಮೆತ್ತನೆಯ ಅಂಚಾದರೆ ಬಲೆ ಮೂಗಿಗೆ ಅಂಟಿ, ಬಲೆಯ ಮೂಲಕವೇ ಚುಚ್ಚಿಸಿಕೊಳ್ಳುತ್ತೀರಿ. ಚರ್ಮದ ಕೈಗವಸಿನಲ್ಲಿ ಬೆರಳಿಗೆ ಸ್ಪರ್ಶ ತಿಳಿಯದೆ ನೊಣ ಜಜ್ಜಿಹೋಗುತ್ತದೆ. ಚುಚ್ಚಿದ ಕೊಂಡಿಯಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ, ಅದು ಉಳಿದ ನೊಣಗಳಿಗೆ ದಾಳಿಯ ಕರೆ. ಆ ವಾಸನೆ ಚರ್ಮದಲ್ಲಿ ಹಿಡಿದುಕೊಂಡರೆ ಮುಂದಿನ ಸಲ ಕೈ ಹಾಕುವ ಮೊದಲೇ ಜಗಳ ಶುರು. ಪಾತ್ರೆ ತೊಳೆಯುವ ತೆಳು ರಬ್ಬರ್ ಗವಸು ಸಾಕು, ತೊಳೆದರೆ ವಾಸನೆಯೂ ಹೋಗುತ್ತದೆ.

ಹೊಗೆತಿದಿ ಸಣ್ಣದಿದ್ದರೆ ಚಿಂತೆಯಿಲ್ಲ. ಒಣ ತೆಂಗಿನ ನಾರು, ಗೋಣಿತಾಟಿನ ತುಂಡು ಹಾಕಿ ತಣ್ಣನೆಯ ಬಿಳಿ ಹೊಗೆ ಬರುವವರೆಗೆ ಒತ್ತಿ. ಬಾಗಿಲಲ್ಲಿ ಎರಡು ಸಲ, ಮುಚ್ಚಳದಡಿ ಒಂದು ಸಲ. ಅಷ್ಟೇ. ಮೆಲ್ಲಿಫೆರಾ ವೀಡಿಯೊ ನೋಡಿ ಬುಸಬುಸ ಹೊಗೆ ಹಾಕಿದರೆ ತುಡುವೆ ಎರಿ ಬಿಟ್ಟು ಗೋಡೆಗೆಲ್ಲ ಓಡಾಡಿ ಗೊಂಚಲುಗಟ್ಟುತ್ತದೆ, ರಾಣಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಪದೇಪದೇ ಹೀಗಾದರೆ ಪೆಟ್ಟಿಗೆ ಬಿಟ್ಟು ಪರಾರಿಯೂ ಆಗಬಹುದು. ಬ್ರಷ್ಷಿನ ಬದಲು ಹಸಿ ಹುಲ್ಲಿನ ಒಂದು ಹಿಡಿಯೋ ಕೋಳಿಪುಕ್ಕವೋ ನಡೆಯುತ್ತದೆ.

ರಾಣಿ ಗೇಟು ಉಪಯೋಗದ ವಸ್ತು, ಆದರೆ ಹೊಸ ಕುಟುಂಬ ಬಂದ ಮೊದಲ ಕೆಲವು ದಿನಕ್ಕೆ ಮಾತ್ರ. ಕೆಲಸಗಾರ ನೊಣ ತೂರಿಕೊಳ್ಳುತ್ತದೆ, ರಾಣಿಗೆ ಆಗುವುದಿಲ್ಲ, ಹಾಗಾಗಿ ಕುಟುಂಬ ಪರಾರಿಯಾಗದು. ಅದನ್ನೇ ತಿಂಗಳುಗಟ್ಟಲೆ ಬಿಟ್ಟರೆ ಗಂಡು ನೊಣ ಸಿಕ್ಕಿಕೊಂಡು ಸಾಯುತ್ತದೆ, ಹೊಸ ರಾಣಿ ಹುಟ್ಟಿದರೆ ಕೂಡಲು ಹೊರಗೆ ಹೋಗಲಾರದು. ಎರಡು ಕೋಣೆಗಳ ನಡುವೆ ಹಾಕುವ ರಾಣಿ ತಡೆ ಜಾಲರಿ ಮೆಲ್ಲಿಫೆರಾ ಅಳತೆಯದಾದರೆ ತುಡುವೆಯ ರಾಣಿ ನುಸುಳಿಬಿಡಬಹುದು. ನುಸಿಗೆ ಹಾಕುವ ಔಷಧದ ಪಟ್ಟಿ ಕೂಡ ಬೇಡದ್ದು: ವರೋವಾ ನುಸಿಗೆ ತುಡುವೆಯೇ ಮೂಲ ಆಶ್ರಯ, ಅದರೊಂದಿಗೆ ಬದುಕುವುದು ಈ ನೊಣಕ್ಕೆ ಗೊತ್ತು. ನುಸಿ ಮುಖ್ಯವಾಗಿ ಗಂಡು ಮರಿಯ ಕೋಶದಲ್ಲೇ ಬೆಳೆಯುತ್ತದೆ, ಕುಟುಂಬವನ್ನು ಅಳಿಸುವ ಮಟ್ಟಕ್ಕೆ ಹೋಗುವುದಿಲ್ಲ.

ಇನ್ನು ಕುಟುಂಬ. ಪೆಟ್ಟಿಗೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ, ಏಕೆಂದರೆ ಇದನ್ನು ಹಿಂದಿರುಗಿಸಲಾಗದು. ಕೊಡಗು, ದಕ್ಷಿಣ ಕನ್ನಡ, ಶಿರಸಿ ಕಡೆಯಿಂದ ಬೆಂಗಳೂರಿಗೆ ಕುಟುಂಬಗಳು ಬರುತ್ತವೆ. ನಮ್ಮ ಮಟ್ಟಿಗೆ ಬೆಂಗಳೂರಿನ ಸುತ್ತಮುತ್ತ ಹಿಡಿದು ಪೆಟ್ಟಿಗೆಗೆ ಹೊಂದಿಸಿದ ಕುಟುಂಬವೇ ಮೇಲು, ಇಲ್ಲಿನ ಒಣಹವೆಗೂ ಹೂವಿನ ಕಾಲಕ್ಕೂ ಅದು ಒಗ್ಗಿರುತ್ತದೆ. ಎಲ್ಲಿಂದ ತಂದರೂ ದುಡ್ಡು ಕೊಡುವ ಮೊದಲು ಹಗಲು ಹೊತ್ತಿನಲ್ಲಿ ಪೆಟ್ಟಿಗೆ ತೆಗೆಸಿ ನೋಡಿ. ನಾಲ್ಕರಿಂದ ಆರು ಫ್ರೇಮಿನ ಎರಡೂ ಮೈ ನೊಣ ಮುಚ್ಚಿರಬೇಕು. ಎರಿಯನ್ನು ಬಿಸಿಲಿಗೆ ಬೆನ್ನು ಮಾಡಿ ಹಿಡಿದರೆ ಕೋಶದ ತಳದಲ್ಲಿ ಅಕ್ಕಿಯ ನುಚ್ಚಿಗಿಂತ ಸಣ್ಣ ಬಿಳಿ ಗೆರೆ ನಿಂತಿರುತ್ತದೆ, ಅದೇ ಮೊಟ್ಟೆ. ಕೋಶಕ್ಕೆ ಒಂದೇ ಇರಬೇಕು. ಮೊಟ್ಟೆ ಮೂರು ದಿನದಲ್ಲಿ ಒಡೆಯುವುದರಿಂದ, ಮೊಟ್ಟೆ ಕಂಡರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಇತ್ತು ಎಂದು ಖಾತ್ರಿ. ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಅಡ್ಡಾದಿಡ್ಡಿ ಇದ್ದರೆ ರಾಣಿ ಸತ್ತು ಕೆಲಸಗಾರ ನೊಣಗಳು ಇಡುತ್ತಿವೆ, ಆ ಕುಟುಂಬ ಮುಗಿದ ಹಾಗೆ. ಗಂಡು ಮರಿಯ ಕೋಶದ ಮುಚ್ಚಳ ಉಬ್ಬಿಕೊಂಡು ನಡುವೆ ಸೂಜಿಮೊನೆಯ ತೂತು ಇರುವುದು ತುಡುವೆಯಲ್ಲಿ ಸಹಜ, ಅದನ್ನು ಕಂಡು ಗಾಬರಿಯಾಗುವುದು ಬೇಡ.

ಗಾಬರಿಯಾಗಬೇಕಾದ್ದು ಬೇರೆ. ಮುಚ್ಚಳ ಹರಿದ ಕೋಶದೊಳಗೆ ಮರಿ ಬೆನ್ನ ಮೇಲೆ ಮಲಗಿ, ತಲೆಯ ತುದಿ ಮೇಲಕ್ಕೆತ್ತಿಕೊಂಡು ಸತ್ತಿದ್ದರೆ, ಚಿಮಟದಲ್ಲಿ ಎತ್ತಿದಾಗ ನೀರು ತುಂಬಿದ ಸಣ್ಣ ಚೀಲದಂತೆ ಬಂದರೆ, ಅದು ಥಾಯ್ ಸ್ಯಾಕ್‌ಬ್ರೂಡ್. 1991–92ರ ಸುಮಾರಿಗೆ ಕರ್ನಾಟಕದ, ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ರಾಶಿ ರಾಶಿ ನೆಲಕಚ್ಚಿಸಿದ ವೈರಸ್ ರೋಗ ಇದೇ. ಔಷಧವಿಲ್ಲ. ಅಂಥ ಒಂದು ಕೋಶ ಕಂಡರೂ ಆ ಮಾರಾಟಗಾರರ ಯಾವ ಪೆಟ್ಟಿಗೆಯನ್ನೂ ಕೊಳ್ಳಬೇಡಿ.

ಕುಟುಂಬ ಸಾಗಿಸುವುದು ರಾತ್ರಿ. ಫ್ರೇಮು ಅಲುಗದಂತೆ ಬಿಗಿದು, ಬಾಗಿಲಿಗೆ ಜಾಲರಿ ಹಾಕಿ, ಎರಿಗಳು ವಾಹನ ಸಾಗುವ ದಿಕ್ಕಿಗೆ ಸಮಾನಾಂತರವಾಗಿರುವಂತೆ ಇಟ್ಟರೆ ಬ್ರೇಕ್ ಹಾಕಿದಾಗ ಎರಿ ಮುರಿಯುವುದಿಲ್ಲ. ಮನೆಗೆ ತಂದು ಸ್ಟ್ಯಾಂಡಿನ ಮೇಲೆ ಕೂರಿಸಿ ಅರ್ಧ ಗಂಟೆ ತಣಿಯಲು ಬಿಡಿ. ಆಮೇಲೆ ರಾಣಿ ಗೇಟು ಹಾಕಿ ಬಾಗಿಲು ತೆಗೆಯಿರಿ. ಮರುದಿನ ಸಂಜೆಯಿಂದ ಸಕ್ಕರೆ ಪಾಕ: ತೂಕದಲ್ಲಿ ಒಂದಕ್ಕೆ ಒಂದು ಸಕ್ಕರೆ, ಕಾಯಿಸಿ ಇಳಿಸಿದ ನೀರು. ಪೂರ್ತಿ ಆರಿದ ಮೇಲೆ 200 ಮಿ.ಲೀ. ಆಗುವಷ್ಟನ್ನು ಪೆಟ್ಟಿಗೆಯ ಒಳಗೇ ಇಡಿ, ಮುಳುಗದಿರಲು ಮೇಲೆ ಎರಡು ಕಡ್ಡಿ ತೇಲಿಬಿಡಿ. ಬೆಲ್ಲ ಬೇಡ, ನೊಣಕ್ಕೆ ಭೇದಿಯಾಗುತ್ತದೆ. ಹಗಲಲ್ಲಿ ಪಾಕ ಇಡುವುದು, ಒಂದು ಹನಿ ಹೊರಗೆ ಚೆಲ್ಲುವುದು ಎರಡೂ ಇರುವೆಗೆ, ಪಕ್ಕದ ಜೇನುಗಳ ಕಳ್ಳತನಕ್ಕೆ ಆಹ್ವಾನ. ಪಾಕ ಇಡುವುದಕ್ಕೆ ಬಿಟ್ಟರೆ ಮೊದಲ ವಾರ ಮುಚ್ಚಳ ಎತ್ತಲೇಬೇಡಿ. ಒಳಗಿನ ಸ್ಥಿತಿ ತಿಳಿಯಬೇಕಾದರೆ ಪೆಟ್ಟಿಗೆಯ ಪಕ್ಕಕ್ಕೆ ಕಿವಿಯಿಟ್ಟು ಬೆರಳಿನಿಂದ ಒಂದು ತಟ್ಟು ತಟ್ಟಿ. ‘ಸ್ಸ್’ ಎಂದು ಒಮ್ಮೆಲೇ ಎದ್ದು ಥಟ್ಟನೆ ನಿಂತರೆ ಕುಟುಂಬ ನೆಮ್ಮದಿಯಾಗಿದೆ. ಗುಂಯ್‌ಗುಟ್ಟುವುದು ನಿಲ್ಲದೆ ಎಳೆಯುತ್ತಲೇ ಇದ್ದರೆ ರಾಣಿಯ ಬಗ್ಗೆ ಅನುಮಾನ ಪಡಬೇಕು.

ಯಾವಾಗ ಶುರು ಮಾಡಬೇಕು ಎಂಬುದನ್ನು ಕಿಟ್ ಮಾರುವವರು ಹೇಳುವುದಿಲ್ಲ, ಅವರಿಗೆ ವರ್ಷವಿಡೀ ಮಾರಾಟ ಬೇಕು. ಬೆಂಗಳೂರಿಗೆ ಅಕ್ಟೋಬರ್ ಕೊನೆಯಿಂದ ಜನವರಿ ಒಳ್ಳೆಯ ಕಾಲ. ಮಳೆ ಹಿಂದೆಗೆದು ಹೂ ಸಿಗತೊಡಗುತ್ತದೆ, ಕುಟುಂಬ ಬೆಳೆಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಹೊಂಗೆ, ಬೇವು, ನೇರಳೆ, ಹುಣಸೆ, ಸಿಲ್ವರ್ ಓಕ್, ಮಳೆಮರ ಸರದಿಯಲ್ಲಿ ಅರಳುತ್ತವೆ, ಜೇನು ಕೂಡುವುದು ಆಗಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವಿನ ಬರ. ಜೂನ್‌ನಲ್ಲಿ ಕಿಟ್ ತಂದವರ ನೊಣ ಆಗಸ್ಟ್ ಒಳಗೆ ಓಡಿಹೋದರೆ ಅದು ಸಾಕಿದವರ ಕೈಗುಣವಲ್ಲ, ಹಸಿವು. ತುಡುವೆ ಹೆಚ್ಚಾಗಿ ಒಂದು ಕಿಲೋಮೀಟರ್ ಒಳಗೇ ಮೇಯುತ್ತದೆ. ನಿಮ್ಮ ಮನೆಯಿಂದ ಅಷ್ಟು ದೂರದಲ್ಲಿ ಎಷ್ಟು ಮರ ಇದೆ ಎಂದು ನಡೆದು ನೋಡಿ. ಮಲ್ಲೇಶ್ವರ, ಜಯನಗರದ ಹಳೆಯ ಸಾಲುಮರಗಳ ಬೀದಿ, ಲಾಲ್‌ಬಾಗ್ ಅಥವಾ ಜಿಕೆವಿಕೆ ಸಮೀಪದವರು ಪುಣ್ಯವಂತರು. ಹೊಸ ಲೇಔಟಿನವರು ಪೆಟ್ಟಿಗೆಗೆ ಮುಂಚೆ ನುಗ್ಗೆ, ತುಳಸಿ, ಆಂಟಿಗೊನಾನ್ ಬಳ್ಳಿ ನೆಡಬೇಕು. ಬರಗಾಲದಲ್ಲಿ ವಾರಕ್ಕೆರಡು ಸಲ ಪಾಕ ತಪ್ಪಿಸಬಾರದು, ನೊಣ ಮುಚ್ಚದ ಹಳೆಯ ಎರಿಗಳನ್ನು ತೆಗೆದುಬಿಡಬೇಕು. ಎರಿಯೊಳಗೆ ಬಿಳಿ ರೇಷ್ಮೆಯ ಸುರಂಗ ಕಂಡರೆ ಆ ಎರಿಯನ್ನು ಆಗಿಂದಾಗಲೇ ಕತ್ತರಿಸಿ ಕರಗಿಸಿ. ಮೊಟ್ಟೆ ಇಡುವುದು ನಿಂತು, ಪರಾಗ ತರುವ ನೊಣ ಕಡಿಮೆಯಾಗಿ, ಇದ್ದ ಜೇನೆಲ್ಲ ಖಾಲಿಯಾಗುತ್ತಿದ್ದರೆ ಅವು ಹೊರಡಲು ಸಿದ್ಧವಾಗುತ್ತಿವೆ. ಆ ದಿನವೇ ರಾಣಿ ಗೇಟು ಹಾಕಿ ಪಾಕ ಕೊಟ್ಟು, ಇರುವೆಯೋ ಹುಳುವೋ ಬಿಸಿಲೋ ಕಾರಣ ಹುಡುಕಿ.

ನೆರೆಹೊರೆಯ ಮಾತು. ಪೆಟ್ಟಿಗೆ ತರುವ ಮುನ್ನವೇ ಅಕ್ಕಪಕ್ಕದವರಿಗೆ, ಅಪಾರ್ಟ್‌ಮೆಂಟಾದರೆ ಸಂಘಕ್ಕೆ ಹೇಳಿ ಒಪ್ಪಿಸಿ. ಮೊದಲ ದಿನದಿಂದಲೇ ಪೆಟ್ಟಿಗೆಯ ಹತ್ತಿರ ಜಲ್ಲಿ ಹಾಕಿದ ತಟ್ಟೆಯಲ್ಲಿ ನೀರಿಡಿ, ಇಲ್ಲದಿದ್ದರೆ ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ರೂಢಿ ಬಿದ್ದು ಆಮೇಲೆ ತಪ್ಪಿಸಲಾಗದು. ಬಾಗಿಲ ಎದುರು ಟ್ಯೂಬ್‌ಲೈಟ್ ಇರಬಾರದು. ಸೊಳ್ಳೆ ಹೊಗೆಯ ಗಾಡಿ ಬರುವುದು ಗೊತ್ತಾದರೆ ಒದ್ದೆ ಗೋಣಿತಾಟು ಪೆಟ್ಟಿಗೆಗೆ ಸಡಿಲವಾಗಿ ಹೊದಿಸಿ, ಹೊಗೆ ಹೋದ ಕೂಡಲೇ ತೆಗೆಯಿರಿ. ಚುಚ್ಚಿದರೆ ಕೊಂಡಿಯನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಚುಚ್ಚಿದ ಜಾಗದಲ್ಲಿ ಊದುವುದು ಸಾಮಾನ್ಯ. ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದ ತೊಂದರೆ, ತಲೆಸುತ್ತು ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ಹಿಂದೆ ಯಾರಿಗಾದರೂ ಹಾಗಾಗಿದ್ದರೆ ತುಡುವೆ ಸಾಕಬೇಡಿ.

ಜೇನು ಯಂತ್ರದ ಬಗ್ಗೆ ಮೊದಲೇ ಹೇಳಿದೆವು, ಕಾರಣ ಇಲ್ಲಿದೆ. ಒಂದು ಪೆಟ್ಟಿಗೆಗೆ ವರ್ಷದಲ್ಲಿ ಒಂದೆರಡು ದಿನದ ಕೆಲಸ ಅದು. ಜೇನು ಸಾಕುವ ಪರಿಚಯದವರಿಂದ ಎರವಲು ತರಬಹುದು, ತರುವಾಗ ಅದರ ಬುಟ್ಟಿಯಲ್ಲಿ ನಿಮ್ಮ ಜೇನು ಕೋಣೆಯ ಅರ್ಧ ಎತ್ತರದ ಫ್ರೇಮು ಕೂರುತ್ತದೆಯೇ ನೋಡಿ. ಎರಿಯ ಮುಕ್ಕಾಲು ಭಾಗವಾದರೂ ಮೇಣದ ಮುಚ್ಚಳ ಬಿದ್ದ ಮೇಲೆಯೇ ತೆಗೆಯಬೇಕು. ಹಸಿಯಾಗಿ ತೆಗೆದ ಜೇನಿನಲ್ಲಿ ನೀರಿನಂಶ 20 ಶೇಕಡಾ ದಾಟಿ ಹುಳಿಯುತ್ತದೆ. ತುಡುವೆಯ ಹೊಸ ಎರಿ ಬಲು ಮೃದು. ಒಂದು ಮೈ ಅರ್ಧ ತಿರುಗಿಸಿ, ಮಗುಚಿ ಇನ್ನೊಂದು ಮೈ ಪೂರ್ತಿ ತಿರುಗಿಸಿ, ಮತ್ತೆ ಮಗುಚಬೇಕು. ಒಂದೇ ಸಲಕ್ಕೆ ಜೋರಾಗಿ ತಿರುಗಿಸಿದರೆ ಎರಿ ಕಿತ್ತು ಬರುತ್ತದೆ. ಸಂಸಾರ ಕೋಣೆಯ ಜೇನಿಗೆ ಕೈ ಹಾಕಬಾರದು, ಅದು ಮಳೆಗಾಲಕ್ಕೆ ಅವುಗಳ ಬುತ್ತಿ. ಪೆಟ್ಟಿಗೆಗೆ 20–30 ಕಿಲೋ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಊರೂರು ಸಾಗಿಸುವ ಮೆಲ್ಲಿಫೆರಾದ ಮಾತು. ನಗರದ ತುಡುವೆಯಿಂದ ಕೆಲವೇ ಕಿಲೋ. ಮಾರುವ ಯೋಚನೆಯಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಕೊಳ್ಳುವ ಮೊದಲು ಕಲಿಯಲು ಬೆಂಗಳೂರಿನಲ್ಲಿ ದಾರಿಯಿದೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಕೃಷಿಯ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿನ ಕೃಷಿ ಮೇಳದಲ್ಲಿ ಬೇರೆ ಬೇರೆ ತಯಾರಕರ ಪೆಟ್ಟಿಗೆಗಳನ್ನು ಒಂದೇ ದಿನ ಹೋಲಿಸಿ ನೋಡಬಹುದು, ಅಳತೆಪಟ್ಟಿ ಜೇಬಿನಲ್ಲಿರಲಿ. ಪೆಟ್ಟಿಗೆ, ಕುಟುಂಬಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನದ ಯೋಜನೆಗಳಿವೆ, ಈ ಸಾಲಿನ ನಿಯಮವನ್ನು ತಾಲ್ಲೂಕು ಕಚೇರಿಯಲ್ಲೇ ವಿಚಾರಿಸಬೇಕು.

ಬೆಲೆ ಮರದ ಮೇಲೆ, ಮಾರುವವರ ಮೇಲೆ ಹೋಗುವುದರಿಂದ ಇಡೀ ಕಿಟ್ಟಿನ ಒಟ್ಟು ದರ ಕೇಳಬೇಡಿ. ಪೆಟ್ಟಿಗೆಗೆಷ್ಟು, ಸ್ಟ್ಯಾಂಡಿಗೆಷ್ಟು, ಪರದೆಗೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಂಡು ಬೇಡದ್ದನ್ನು ಹೊಡೆದುಹಾಕಿಸಿ. ಉಳಿದ ದುಡ್ಡಿಗೆ ಅದೇ ತಯಾರಕರಿಂದ ಅದೇ ಅಳತೆಯ ಇನ್ನೊಂದು ಖಾಲಿ ಪೆಟ್ಟಿಗೆ ತೆಗೆದಿಡಿ. ಕುಟುಂಬ ಚೆನ್ನಾಗಿ ಬೆಳೆದರೆ ಡಿಸೆಂಬರ್ ನಂತರ ಎರಿಯ ಕೆಳಅಂಚಿನಲ್ಲಿ ಶೇಂಗಾಕಾಯಿಯಂತೆ ಜೋತುಬಿದ್ದ ರಾಣಿ ಕೋಶ ಕಾಣುತ್ತದೆ. ಆ ಕಾಲದಲ್ಲಿ ವಾರಕ್ಕೊಮ್ಮೆ ಎರಿಗಳ ಕೆಳಅಂಚು ನೋಡಲೇಬೇಕು, ಏಕೆಂದರೆ ರಾಣಿ ಕೋಶಕ್ಕೆ ಮುಚ್ಚಳ ಬೀಳಲು ಮೊಟ್ಟೆಯಿಂದ ಎಂಟು ದಿನ ಸಾಕು, ಮುಚ್ಚಳ ಬಿದ್ದ ಬೆನ್ನಿಗೇ ಹಳೆಯ ರಾಣಿ ಅರ್ಧ ನೊಣಗಳೊಂದಿಗೆ ಹೊರಡುತ್ತದೆ. ಎರಡನೇ ಪೆಟ್ಟಿಗೆ ಕೈಯಲ್ಲಿದ್ದವರು ಹಳೆಯ ರಾಣಿಯನ್ನು ಮೂರು ಫ್ರೇಮಿನ ಜೊತೆ ಅದಕ್ಕೆ ವರ್ಗಾಯಿಸಿ ಪಾಲು ಮಾಡಿಕೊಳ್ಳಬಹುದು. ಇಲ್ಲದವರು ಆಗ ಆರ್ಡರ್ ಕೊಟ್ಟು ಕಾಯುವಷ್ಟರಲ್ಲಿ ಆ ಅರ್ಧ ಹಾರಿಹೋಗಿರುತ್ತದೆ.